ಲ್ಯಾಪ್‌ಟಾಪ್ ಜೊತೆ ವಿಮೆಯೂ ವಾಪಸ್

ಪ್ಲೇಸ್‌ಮೆಂಟ್ ಮಾತು ಬಂದರೆ ನಮ್ಮ ಬಿಇ ಕ್ಲಾಸಿನಲ್ಲಿ ಎಲ್ಲರೂ ಕೇಳುವುದು ಪ್ಯಾಕೇಜ್ ಎಷ್ಟು ಅಂತ. ವಿಮೆ? ಅದನ್ನು ಕಂಪನಿಯೇ ಕೊಡುತ್ತಲ್ಲ!

ಸರ್ಜಾಪುರ ರಸ್ತೆಯ ಕಂಪನಿಯೊಂದರಲ್ಲಿದ್ದ ನನ್ನಣ್ಣನಿಗೂ ಕೊಟ್ಟಿತ್ತು. ಕಳೆದ ವರ್ಷ ಕೆಲಸ ಹೋಯಿತು. ಕೊನೆಯ ದಿನ ಲ್ಯಾಪ್‌ಟಾಪ್ ಜೊತೆ ವಿಮೆಯೂ ವಾಪಸ್. ಅಮ್ಮನ ಪಿತ್ತಕೋಶದ ಆಪರೇಷನ್‌ಗೆ ಇನ್ನು ಹನ್ನೊಂದೇ ದಿನವಿತ್ತು. ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಡಿ ಎಂದು ಕೇಳಬಹುದಂತೆ. ನಮಗೆ ಗೊತ್ತಾಗಿದ್ದು ಆಮೇಲೆ.

ಆಪರೇಷನ್ ಆಗಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಮೂರು ವಾರ ಕಾದೆವು, ಕೂರಲು ಬೆಂಚೂ ಸಿಗಲಿಲ್ಲ. ಆದರೆ ‘ಮಗ ಎಲ್ಲಿ ಕೆಲಸ ಮಾಡ್ತಾನೆ?’ ಎಂದು ಯಾರೂ ಕೇಳಲಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ. ಇಎಸ್‌ಐ ಇದೆಯಲ್ಲ ಎನ್ನಬೇಡಿ. 2017ರಲ್ಲಿ ನಿಗದಿಯಾದ 21,000 ರೂಪಾಯಿ ವೇತನ ಮಿತಿ ದಾಟಿದವರಿಗೆ ಅದೂ ಇಲ್ಲ.

ಕಂಪನಿ ಕಾರ್ಡ್ ಇರುವವರು ಸರ್ಕಾರಿ ಆಸ್ಪತ್ರೆಯತ್ತ ತಿರುಗಿಯೂ ನೋಡುವುದಿಲ್ಲ. ರಸ್ತೆಗುಂಡಿಗೆ ಬರುವ ಸಿಟ್ಟು ಖಾಲಿ ಬಿದ್ದ ಡಾಕ್ಟರ್ ಹುದ್ದೆಗೆ ಬರುವುದಿಲ್ಲ. ಆಫರ್ ಲೆಟರ್ ಬಂದರೆ ನಾನೂ ವಿಮೆ ಬೇಡ ಅನ್ನಲಾರೆ. ಅಮ್ಮನ ಬಿಪಿ ಮಾತ್ರೆ ಮಾತ್ರ ಸರ್ಕಾರಿ ಆಸ್ಪತ್ರೆಯಿಂದಲೇ ತರುತ್ತೇನೆ. ಡಾಕ್ಟರ್ ಇಲ್ಲದ ದಿನ ಯಾಕಿಲ್ಲ ಎಂದು ಕೇಳಿಯೇ ಬರುತ್ತೇನೆ.