ಬಂಡೆಯ ಕಲ್ಲುಹೂವು ಭತ್ತದ ಬೆಂಕಿ ರೋಗಕ್ಕೆ ಮದ್ದಾದೀತೇ?

ತುಂಗಭದ್ರೆ ಕವಲೊಡೆದು ಸುತ್ತುವರಿದ ವಿರೂಪಾಪುರಗಡ್ಡೆಯಲ್ಲಿ ಭತ್ತದ ಗದ್ದೆಗಳೂ ಹೆಬ್ಬಂಡೆಗಳೂ ಒತ್ತೊತ್ತಾಗಿವೆ. ಬಂಡೆಗಳಿಗೆ ಬೂದು, ಹಳದಿ ಬಣ್ಣದ ಚಕ್ಕೆಗಳಂತೆ ಅಂಟಿಕೊಂಡಿರುವುದೇ ಲೈಕೆನ್. ಮಸಾಲೆಗೆ ಬಳಸುವ ಕಲ್ಲುಹೂವು ಇದೇ ವರ್ಗದ್ದು. ಇದು ಒಂದೇ ಜೀವಿಯಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ವ್ಯವಸ್ಥೆ. ಇದರ ಒಡಲಿನಲ್ಲಿ ಯಾವ ಹಾನಿಯನ್ನೂ ತೋರದೆ ನೆಲೆಸಿರುವ ಬೇರೆ ಸೂಕ್ಷ್ಮ ಶಿಲೀಂಧ್ರಗಳೂ ಇವೆ. ಬೆಳೆರೋಗಗಳ ಹತೋಟಿಗೆ ಇವುಗಳನ್ನು ಬಳಸುವ ಸಾಧ್ಯತೆ ಇಂದು ಸಂಶೋಧಕರ ಗಮನ ಸೆಳೆದಿದೆ.

ಈ ಆಸಕ್ತಿಗೆ ಕಾರಣವಿದೆ. ಗಂಗಾವತಿ ಭಾಗದಲ್ಲಿ ಬೆಳೆಯುವ ಸೋನಾ ಮಸೂರಿ (ಬಿಪಿಟಿ 5204) ತಳಿಯು ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಸಾರಜನಕ ಹೆಚ್ಚಾದಷ್ಟೂ ರೋಗ ಹೆಚ್ಚು, ಸಿಂಪರಣೆಯೂ ಹೆಚ್ಚು. ಐರೋಪ್ಯ ಒಕ್ಕೂಟವು ಅಕ್ಕಿಯಲ್ಲಿ ಟ್ರೈಸೈಕ್ಲಜೋಲ್ ಶೇಷದ ಮಿತಿಯನ್ನು 2018ರಿಂದ ಕೆ.ಜಿ.ಗೆ 1 ಮಿ.ಗ್ರಾಂ.ನಿಂದ 0.01 ಮಿ.ಗ್ರಾಂ.ಗೆ ಇಳಿಸಿದೆ. ಅಲ್ಲದೆ ಒಂದೇ ಔಷಧವನ್ನು ಮತ್ತೆ ಮತ್ತೆ ಸಿಂಪಡಿಸಿದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಪರ್ಯಾಯದ ಅಗತ್ಯ ನಿಜವಾದುದು.

ಲೈಕೆನ್‌ಗಳು ಅಸ್ನಿಕ್ ಆಮ್ಲದಂತಹ ಸೂಕ್ಷ್ಮಾಣು ನಿರೋಧಕ ರಾಸಾಯನಿಕಗಳನ್ನು ತಯಾರಿಸುತ್ತವೆ. ದಕ್ಷಿಣ ಕೊರಿಯಾದ ಸುಂಚೊನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲೈಕೆನ್‌ಗಳಿಂದ ಪ್ರತ್ಯೇಕಿಸಿದ ಶಿಲೀಂಧ್ರಗಳು ಪ್ರಯೋಗಾಲಯದಲ್ಲಿ ಸಸ್ಯರೋಗಕಾರಕಗಳ ಬೆಳವಣಿಗೆಯನ್ನು ತಡೆದಿವೆ. ಲೈಕೆನ್ ರೂಪಿಸುವ ಶಿಲೀಂಧ್ರ ಬಹು ನಿಧಾನವಾಗಿ ಬೆಳೆಯುತ್ತದೆ. ಒಳವಾಸಿ ಶಿಲೀಂಧ್ರಗಳಲ್ಲಿ ಹಲವು ಬೇಗ ಬೆಳೆಯುವುದರಿಂದ ಅವುಗಳ ಉತ್ಪಾದನೆ ಸುಲಭ.

ಆದರೆ ಗಾಜಿನ ತಟ್ಟೆಯ ಯಶಸ್ಸು ಗದ್ದೆಯ ಯಶಸ್ಸಲ್ಲ. ಆ ಶಿಲೀಂಧ್ರ ನಮ್ಮ ಬಿಸಿಲಿನಲ್ಲಿ ಎಲೆಯ ಮೇಲೆ ಬದುಕಬೇಕು, ಬೆಳೆಗೆ ಹಾನಿ ಮಾಡಬಾರದು, ಜನ-ಜಾನುವಾರುಗಳಿಗೂ ಸುರಕ್ಷಿತವಾಗಿರಬೇಕು. ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ಅಸ್ನಿಕ್ ಆಮ್ಲವಿದ್ದ ಆಹಾರಪೂರಕಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ದಾಖಲೆಗಳಿವೆ. ಹಲವು ಹಂಗಾಮುಗಳ ಕ್ಷೇತ್ರ ಪ್ರಯೋಗ ಮತ್ತು ಕೀಟನಾಶಕ ಕಾಯ್ದೆ, 1968ರ ಅಡಿಯ ನೋಂದಣಿಯ ನಂತರವೇ ಅದು ರೈತರ ಕೈಗೆ ಬರಬೇಕು.

ಆದ್ದರಿಂದ ಎರಡು ಎಚ್ಚರಿಕೆಗಳು. ಕಲ್ಲುಹೂವನ್ನು ಕೆರೆದು ಕಷಾಯ ಮಾಡಿ ಸಿಂಪಡಿಸಬೇಡಿ. ಬಂಡೆಗಂಟಿದ ಲೈಕೆನ್ ವರ್ಷಕ್ಕೆ ಒಂದೆರಡು ಮಿ.ಮೀ. ಬೆಳೆಯುವುದೂ ಅಪರೂಪ, ಕೆರೆದರೆ ಮರಳಿ ಬರಲು ದಶಕಗಳು ಬೇಕು. ಸಂಶೋಧನೆಗೆ ಉಗುರಗಲದ ಮಾದರಿ ಸಾಕು. ಎರಡನೆಯದಾಗಿ, 'ಲೈಕೆನ್ ಶಿಲೀಂಧ್ರ' ಎಂಬ ಹೆಸರಿನ ಪೊಟ್ಟಣವನ್ನು ಯಾರಾದರೂ ಮಾರಲು ಬಂದರೆ ನೋಂದಣಿ ಸಂಖ್ಯೆ ಕೇಳಿ, ಇಲ್ಲದಿದ್ದರೆ ಕೊಳ್ಳಬೇಡಿ.

ಈಗಲೇ ಬಳಸಬಹುದಾದ ಉಪಕಾರಿ ಸೂಕ್ಷ್ಮಾಣುಗಳು ನಮ್ಮಲ್ಲಿವೆ:

• ಭತ್ತ: ಪ್ರತಿ ಕೆ.ಜಿ. ಬೀಜಕ್ಕೆ 10 ಗ್ರಾಂ ಸುಡೊಮೊನಾಸ್ ಫ್ಲೋರೆಸೆನ್ಸ್‌ನಿಂದ ಬೀಜೋಪಚಾರ ಮಾಡಿ. ಸಾರಜನಕವನ್ನು ಶಿಫಾರಸಿನಷ್ಟೇ, ಕಂತುಗಳಲ್ಲಿ ಕೊಡಿ.

• ಕುಷ್ಟಗಿ, ಯಲಬುರ್ಗಾ ಭಾಗದ ಕಡಲೆ ಮತ್ತು ತೊಗರಿ: ನೆಟೆ ರೋಗದ ನಿರ್ವಹಣೆಗೆ ಪ್ರತಿ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ. 1 ಕೆ.ಜಿ. ಟ್ರೈಕೋಡರ್ಮಾವನ್ನು 100 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವ ಕಾಯ್ದು ಎರಡು ವಾರಗಳ ನಂತರ ಮಣ್ಣಿಗೆ ಸೇರಿಸಿ.

• ಟ್ರೈಕೋಡರ್ಮಾದೊಂದಿಗೆ ಕಾರ್ಬೆಂಡಜಿಮ್ ಬೆರೆಸಬೇಡಿ. ಉಪಕಾರಿ ಶಿಲೀಂಧ್ರವೇ ಸಾಯುತ್ತದೆ. ಕೊಳ್ಳುವಾಗ ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ ನೋಡಿ; ಪೊಟ್ಟಣವನ್ನು ಬಿಸಿಲಿನಲ್ಲಿಡಬೇಡಿ.

ವಿಸ್ತರಣಾ ಕಾರ್ಯಕರ್ತರು ಲೈಕೆನ್ ಸುದ್ದಿಯನ್ನು ರೈತರಿಗೆ ತಲುಪಿಸುವಾಗ ಅದು ಸಂಶೋಧನೆಯ ಹಂತದಲ್ಲಿದೆ, ಶಿಫಾರಸಲ್ಲ ಎಂಬುದನ್ನೂ ಜೊತೆಗೇ ತಿಳಿಸಬೇಕು. ರೋಗ ಕಂಡ ಗದ್ದೆಯ ಮಾದರಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ, ರೋಗ ಯಾವುದೆಂದು ಖಚಿತಪಡಿಸಿಕೊಂಡ ನಂತರವೇ ಔಷಧಕ್ಕೆ ಹಣ ಹಾಕುವುದು ಲೇಸು.