ಟ್ರ್ಯಾಕ್ಟರ್ ಪದವಿ: ಡೀಲರ್‌ನ ನೆರಳಿನಲ್ಲಿ ಆಯ್ಕೆ

ಕೊಯ್ಲಿನ ನಡುವೆ ಕೆಟ್ಟು ನಿಂತ ಯಂತ್ರವನ್ನು ದುರಸ್ತಿ ಮಾಡುವ ಹಕ್ಕು ಯಾರದು? ಅಮೆರಿಕದ ರೈತರನ್ನು ವರ್ಷಗಳಿಂದ ಕಾಡಿದ ಈ ಪ್ರಶ್ನೆ, ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ ಕೃಷಿ ಯಂತ್ರೋಪಕರಣ ಕುರಿತ ಎರಡು ವರ್ಷಗಳ ಅಸೋಸಿಯೇಟ್ ಪದವಿಗೆ ಸೇರುವ ವಿದ್ಯಾರ್ಥಿಯನ್ನೂ ತಟ್ಟುತ್ತದೆ.

ಜಾನ್ ಡೀರ್‌ನಂಥ ತಯಾರಕರ ಸಹಯೋಗದ ಕೋರ್ಸ್‌ನಲ್ಲಿ ಕೆಲಕಾಲ ತರಗತಿ, ಕೆಲಕಾಲ ಡೀಲರ್‌ನ ವರ್ಕ್‌ಶಾಪಿನಲ್ಲಿ ದುಡಿಮೆ. ಓದು ಮುಗಿಯುವ ಹೊತ್ತಿಗೆ ಉದ್ಯೋಗವೂ ಬಹುಮಟ್ಟಿಗೆ ಕೈಯಲ್ಲಿರುತ್ತದೆ. ಎಲ್ಲ ಬ್ರ್ಯಾಂಡ್‌ಗಳಿಗೂ ಅನ್ವಯಿಸುವ ಎಂಜಿನ್, ಹೈಡ್ರಾಲಿಕ್ಸ್ ಕಲಿಸುವ ಸಾಮಾನ್ಯ ಕೋರ್ಸ್‌ಗೆ ಈ ಆಸರೆಯಿಲ್ಲ.

ಆದರೆ ಇಂದಿನ ಟ್ರ್ಯಾಕ್ಟರ್‌ಗೆ ಸ್ಪ್ಯಾನರ್‌ಗಿಂತ ಮೊದಲು ಬೇಕಾಗುವುದು ದೋಷ ಪತ್ತೆಯ ತಂತ್ರಾಂಶ. ಅದರ ಪೂರ್ಣ ಆವೃತ್ತಿಯನ್ನು ಡೀಲರುಗಳಿಗಷ್ಟೇ ಮೀಸಲಿಡಲಾಗಿದೆ ಎಂದು ಆರೋಪಿಸಿ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಡೀರ್ ವಿರುದ್ಧ ಮೊಕದ್ದಮೆ ಹೂಡಿತು. ಕೊಲರಾಡೊ ರಾಜ್ಯವಂತೂ 2023ರಲ್ಲೇ ರೈತರ ದುರಸ್ತಿ ಹಕ್ಕಿಗೆ ಕಾನೂನು ರೂಪಿಸಿತು. 2024ರ ಜನವರಿ 1ರಿಂದ ಅದು ಜಾರಿಗೆ ಬಂತು.

ಇಂಥ ಕಾನೂನು ವ್ಯಾಪಿಸಿದಷ್ಟೂ ಸ್ವತಂತ್ರ ಮೆಕ್ಯಾನಿಕ್‌ಗೆ ಬೇಡಿಕೆ ಹೆಚ್ಚಬಹುದು. ಆದರೆ ಕಾನೂನು ಬಂದ ಮಾತ್ರಕ್ಕೆ ವರ್ಕ್‌ಶಾಪ್ ತೆರೆಯುವ ಬಂಡವಾಳ ಹುಟ್ಟದು. ಹದಿನೆಂಟರ ಯುವಕ ಡೀಲರ್‌ನತ್ತ ವಾಲಿದರೆ ತಪ್ಪೆನ್ನಲಾಗದು. ಸಹಿ ಹಾಕುವ ಮುನ್ನ ಅವನು ಕರಾರನ್ನು ಓದಬೇಕು: ಎಷ್ಟು ವರ್ಷ ಅಲ್ಲೇ ದುಡಿಯಬೇಕು, ನಡುವೆ ಬಿಟ್ಟರೆ ಶುಲ್ಕ ಮರಳಿಸಬೇಕೇ, ಈ ಕ್ರೆಡಿಟ್‌ಗಳು ನಾಲ್ಕು ವರ್ಷಗಳ ಪದವಿಗೆ ಸಲ್ಲುತ್ತವೆಯೇ?