ದುಕಾನದ ಗಾದಿಯಿಂದ: ನಂಬಿ ಹೇಳಿದ ಮಾತೂ ಒಂದು ಠೇವಣಿ



ಉದ್ರಿ, ವಸೂಲಿ, ಅಳತೆ, ತೂಕದ ಮಾತು ಈ ಅಂಕಣದಲ್ಲಿ ಬಹಳ ಆಯಿತು. ಈ ಸಲ ಆಡಲು ಸಂಕೋಚವಾಗುವ ಮಾತೊಂದನ್ನು ಆಡಬೇಕಾಗಿದೆ. ಆ ಸಂಕೋಚವೇ ಒಮ್ಮೆ ನನ್ನಿಂದ ತಪ್ಪು ಮಾಡಿಸಿತು. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಬಟ್ಟೆ ವ್ಯಾಪಾರ. ಇಚಲಕರಂಜಿಯ ಮಗ್ಗದ ಮಾಲು ತಂದು ಕೊಲ್ಲಾಪುರ, ಗಡಹಿಂಗ್ಲಜಗಳಲ್ಲಿ ಮಾರುತ್ತೇವೆ. ಮೂರೂ ಕಡೆ ಕೂಡಿ ಕೆಲಸದವರು ಎಂಟು ಜನ. ಸಂಗತಿ ನಡೆದದ್ದು ಯಾವ ಊರಿನಲ್ಲಿ ಎಂದು ಹೇಳುವುದಿಲ್ಲ. ಆ ಹುಡುಗಿಯನ್ನು ಕೇಳಿ, ಆಕೆ ಒಪ್ಪಿದಷ್ಟನ್ನೇ ಬರೆದಿದ್ದೇನೆ.

ಕೆಲವು ವರ್ಷಗಳ ಹಿಂದೆ, ಬಿಲ್ಲು ಬರೆಯಲು ಇದ್ದ ಆ ಹುಡುಗಿ ಒಂದು ಮಧ್ಯಾಹ್ನ ಬಂದು ನಿಂತಳು. "ಕಾಕಾ, ಒಂದ್ ಮಾತ್ ಹೇಳೂದೈತ್ರಿ. ಆದ್ರ ಯಾರ ಮುಂದೂ ಆಡಬ್ಯಾಡ್ರಿ" ಎಂದಳು. ನಾನು ಮಾಲು ತರಲು ಹೋದ ದಿನ ನಮ್ಮ ದಿವಾಣಜಿಯವರು ದುಕಾನ ಮುಚ್ಚಿದ ಮೇಲೂ ಲೆಕ್ಕದ ನೆವದಿಂದ ಆಕೆಯನ್ನು ನಿಲ್ಲಿಸಿಕೊಳ್ಳುತ್ತಾರೆ, ಕುರ್ಚಿಯ ಹಿಂದೆ ಬಂದು ಹೆಗಲ ಮೇಲೆ ಕೈ ಇಡುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು.

ದಿವಾಣಜಿ ನಮ್ಮ ತಂದೆಯ ಕಾಲದಿಂದ ಇದ್ದವರು. ತಿಜೋರಿಯ ಕೀಲಿ ಅವರ ಕೈಯಲ್ಲಿ. ನಾನು ಯೋಚಿಸದೆ, "ಅವರು ನಿನ್ನ ತಂದೆಯ ವಯಸ್ಸಿನವರವ್ವಾ, ಮಾಯೆಯಿಂದ ಮಾಡಿರಬೇಕು" ಎಂದುಬಿಟ್ಟೆ. ಮರುದಿನ ಆಕೆಯನ್ನು ಗೋದಾಮಿನ ಕೆಲಸಕ್ಕೆ ಹಾಕಿ, ತೊಡಕು ಬಿಡಿಸಿದೆ ಎಂದುಕೊಂಡೆ.

ಹೆಸರು ಹೇಳದೆ ಮನೆಯಲ್ಲಿ ಇದನ್ನು ತೆಗೆದಾಗ ನಮ್ಮ ಮನೆಯವರು ಒಂದೇ ಮಾತು ಕೇಳಿದರು: "ತಪ್ಪು ಆಕೀದೇನ್ರಿ? ಮತ್ತ ಜಾಗಾ ಬಿಟ್ಟಾಕಿ ಆಕಿ ಯಾಕ?" ಉತ್ತರ ನನ್ನಲ್ಲಿರಲಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಪರರ ಗುಟ್ಟನ್ನು ಬಯಲು ಮಾಡುವ ರಹೋಭ್ಯಾಖ್ಯಾನ ಅವುಗಳಲ್ಲಿ ಒಂದು. ನಂಬಿ ಇಟ್ಟ ಠೇವಣಿಯನ್ನು ನುಂಗುವ ನ್ಯಾಸಾಪಹಾರ ಇನ್ನೊಂದು. ಆಕೆಯ ಮಾತು ನನ್ನ ಬಳಿ ಇಟ್ಟ ಠೇವಣಿ. ಅದನ್ನು ಪೇಟೆಯಲ್ಲಿ ಹರಡಿದರೆ ಮೊದಲನೆಯ ದೋಷ. ಕೇಳಿಯೂ ಕೇಳದವರಂತೆ ಸುಮ್ಮನಿದ್ದರೆ ಎರಡನೆಯದು. ನಾನು ಮಾಡಿದ್ದು ಎರಡನೆಯದನ್ನು.

ಕೊಲ್ಲಾಪುರದಲ್ಲಿ ಪರಿಚಯದ ವಕೀಲರ ಬಳಿ ಹೋದೆ, ಅಲ್ಲಿಯೂ ಯಾರ ಹೆಸರೂ ಎತ್ತಲಿಲ್ಲ. ಅವರು ತಿಳಿಸಿದ್ದು ಪ್ರತಿಯೊಬ್ಬ ಮಾಲಕರಿಗೂ ಗೊತ್ತಿರಬೇಕು. 1992ರಲ್ಲಿ ರಾಜಸ್ಥಾನದ ಭಟೇರಿಯಲ್ಲಿ ಬಾಲ್ಯವಿವಾಹ ತಡೆಯುವ ಸರಕಾರಿ ಕೆಲಸ ಮಾಡುತ್ತಿದ್ದ ಭಂವರಿ ದೇವಿಯವರ ಮೇಲೆ ಅತ್ಯಾಚಾರ ನಡೆಯಿತು. ಆ ಘಟನೆಯಿಂದ ಹುಟ್ಟಿದ ವಿಶಾಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಸುರಕ್ಷತೆ ಮಾಲಕನ ಹೊಣೆ ಎಂದು ನಿಯಮ ಹಾಕಿಕೊಟ್ಟಿತು. 2013ರಲ್ಲಿ ಅದು ಕಾಯದೆಯಾಯಿತು.

ಹತ್ತು ಜನ ಅಥವಾ ಹೆಚ್ಚು ಕೆಲಸದವರಿದ್ದಲ್ಲಿ ಮಾಲಕನೇ ಆಂತರಿಕ ಸಮಿತಿ ರಚಿಸಬೇಕು. ಹಿರಿಯ ಮಹಿಳಾ ನೌಕರರೊಬ್ಬರು ಅದರ ಅಧ್ಯಕ್ಷರು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು ಇರಬೇಕು. ರಚಿಸದ ಮಾಲಕನಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಇಲ್ಲವೇ ದೂರು ಮಾಲಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಾನಿಕ ಸಮಿತಿಗೆ ಹೋಗಬೇಕು. ದೂರು ಮೂರು ತಿಂಗಳೊಳಗೆ ಬರವಣಿಗೆಯಲ್ಲಿರಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಸಹಾಯ ಮಾಡಬೇಕು. ತನಿಖೆ 90 ದಿನಗಳಲ್ಲಿ ಮುಗಿಯಬೇಕು. ಆಕೆ ತಾನಾಗಿ ಕೇಳಿದರೆ ಮಾತ್ರ ರಾಜಿ. ಅದಕ್ಕೂ ಹಣ ಆಧಾರವಾಗಕೂಡದು. ವ್ಯಾಪಾರಿಗಳಾದ ನಮಗೆ ಎಲ್ಲವನ್ನೂ ದುಡ್ಡಿನಲ್ಲಿ ತೀರಿಸುವ ರೂಢಿ. ಇಲ್ಲಿ ಅದು ನಡೆಯದು.

ಮತ್ತೆ ಆಕೆಯನ್ನು ಕರೆದು, ನಮ್ಮ ಮನೆಯವರನ್ನೂ ಕೂಡಿಸಿಕೊಂಡು, ಮೊದಲು ತಪ್ಪಾಯಿತೆಂದೆ. ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದೆ. ದಿನಾಂಕಗಳನ್ನು ಆಕೆಯೇ ಬರೆದಿಟ್ಟುಕೊಳ್ಳಲು ಹೇಳಿದೆ. "ನಿನ್ನ ಹೆಸರು ಎಲ್ಲಿಯೂ ಹೇಳುವುದಿಲ್ಲ. ಆದರೆ ಏನೂ ಮಾಡದೆ ಕೂಡ್ರುವ ಮಾತು ಕೊಡಲಾರೆ, ಇಲ್ಲಿ ಬೇರೆ ಹೆಣ್ಣುಮಕ್ಕಳೂ ಇದ್ದಾರೆ" ಎಂದೆ. ಸಮಿತಿಯ ದಾರಿಯನ್ನೂ ತಿಳಿಸಿದೆ. ಎರಡು ವಾರ ಯೋಚಿಸಿ ಆಕೆ ದೂರು ಬೇಡವೆಂದಳು. ತನ್ನ ಮೊದಲಿನ ಕುರ್ಚಿ ಬೇಕು, ಒಬ್ಬಳೇ ನಿಲ್ಲುವ ಪ್ರಸಂಗ ಬರಬಾರದು ಎಂದಷ್ಟೇ ಕೇಳಿದಳು. ಅದು ಆಕೆಯ ನಿರ್ಧಾರ, ನನ್ನದಲ್ಲ.

ಮೂರೂ ಕಡೆ ನಿಯಮ ಮಾಡಿದೆ: ದುಕಾನ ಮುಚ್ಚಿದ ಮೇಲೆ ಯಾವ ಹೆಣ್ಣುಮಗಳನ್ನೂ ನಿಲ್ಲಿಸಿಕೊಳ್ಳಬಾರದು, ಯಾರೂ ಯಾರ ಮೈಮುಟ್ಟಿ ಮಾತಾಡಬಾರದು. ಜಿಲ್ಲಾ ಸಮಿತಿಯ ವಿಳಾಸವನ್ನು ಗೋಡೆಗೆ ಅಂಟಿಸಿದೆ. ಮಾಲು ತರುವ ದಿನ ದಿವಾಣಜಿಯವರನ್ನು ನನ್ನ ಜೊತೆಗೇ ಕರೆದೊಯ್ಯತೊಡಗಿದೆ. ತನಿಖೆಯಿಲ್ಲದೆ ಅವರನ್ನು ಅಪರಾಧಿ ಎನ್ನುವ ಅಧಿಕಾರ ನನಗಿರಲಿಲ್ಲ, ನಿರಪರಾಧಿ ಎನ್ನುವ ಅಧಿಕಾರವೂ ಇರಲಿಲ್ಲ. ಮುಂದೆ ವಯಸ್ಸಾಯಿತೆಂದು ಅವರೇ ಕೆಲಸ ಬಿಟ್ಟರು. ಬರಬೇಕಾದ ಬಾಕಿಯನ್ನೆಲ್ಲ ಕೊಟ್ಟೆ.

ನಿಯಮ ಓದಿ ಹೇಳಿದ ಸಂಜೆ ಕಸ ಹೊಡೆಯುವ ಮಾವಶಿ ಮೆಲ್ಲಗೆ ಬಂದು, "ಕಾಕಾ, ಇದನ್ನ ಮೊದಲ ಮಾಡಿದ್ರ ಹಿಂದಿನ ಹುಡುಗಿ ಕೆಲಸಾ ಬಿಡತಿದ್ದಿಲ್ರಿ" ಅಂದಳು. ಆ ಹಿಂದಿನ ಹುಡುಗಿಗೆ ಮದುವೆ ನಿಶ್ಚಯವಾಗಿದೆ ಎಂದುಕೊಂಡು ನಾನು ಸೀರೆ ಕೊಟ್ಟು ಕಳಿಸಿದ್ದೆ. ಆಕೆ ಏನನ್ನೂ ಹೇಳಿರಲಿಲ್ಲ. ಹೇಳುವಂಥ ಮಾಲಕ ನಾನಾಗಿರಲಿಲ್ಲ.

ಗಾದಿಯ ಮೇಲೆ ಕೂಡ್ರುವ ತರುಣರೇ, ದೀಪಾವಳಿಗೆ ವಹಿ ಪೂಜೆ ಮಾಡುವಾಗ ಹಳೆಯ ಬಾಕಿಗಳನ್ನು ನೋಡುತ್ತೇವೆ. ಅಂದು ಈ ಬಾಕಿಯನ್ನೂ ನೆನೆಯಿರಿ. ನಿಮ್ಮಲ್ಲಿ ದುಡಿಯುವ ಹೆಣ್ಣುಮಗಳಿಗೆ ಕಷ್ಟ ಬಂದರೆ ಹೇಳಿಕೊಳ್ಳಲು ಜಾಗವಿದೆಯೇ? ಇಲ್ಲದಿದ್ದರೆ ಈ ವಾರವೇ ಮಾಡಿರಿ.